ನಿರಾಶ್ರಿತ ಮಹಿಳೆಯರ ದುಡಿಮೆ: ಬಸ್ಸಿನ ಪ್ರಶ್ನೆ, ಕೂಸಿನ ಪ್ರಶ್ನೆ

ಶ್ರೋತೃಗಳಿಗೆ ನಮಸ್ಕಾರ.

ಸಂಜೆಯ ಹಾಲನ್ನು ಡೇರಿಗೆ ಹಾಕಿ ಬಂದು, ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು ಈ ಮಾತನ್ನು ಕೇಳುತ್ತಿರುವ ಕೋಲಾರ ಜಿಲ್ಲೆಯ ತಾಯಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಮಾತನಾಡುತ್ತಿದ್ದೇನೆ. ಪ್ರತಿ ವರ್ಷ ಜೂನ್ 20 ವಿಶ್ವ ನಿರಾಶ್ರಿತರ ದಿನ. ಅದರ ಅಂಗವಾಗಿ ನಿರಾಶ್ರಿತರ ಬಗ್ಗೆ, ಅವರಿಗೆ ನೆಲೆ ಕೊಡುವ ಬಡ ದೇಶಗಳ ಬಗ್ಗೆ, ಅಲ್ಲಿನ ಹೆಣ್ಣುಮಕ್ಕಳ ಉದ್ಯೋಗದ ಬಗ್ಗೆ ಮಾತನಾಡಬೇಕೆಂದು ಬಾನುಲಿಯವರು ಕೇಳಿಕೊಂಡರು. ವಿಷಯ ದೊಡ್ಡದು. ಆದರೆ ನಾನು ಹೇಳುವುದು ಒಂದೇ ಮಾತು. ಕೆಲಸ ಕೊಟ್ಟರೆ ಸಾಲದು. ಕೆಲಸಕ್ಕೆ ಹೋಗಿಬರಲು ದಾರಿ ಬೇಕು, ಹೋದಾಗ ಕೂಸನ್ನು ನೋಡಿಕೊಳ್ಳುವವರು ಬೇಕು. ಈ ಎರಡು ಇಲ್ಲದ ಕಡೆ ಎಷ್ಟು ಕೋಟಿ ಸುರಿದರೂ ಹೆಣ್ಣುಮಗಳು ಮನೆಯಲ್ಲೇ ಉಳಿಯುತ್ತಾಳೆ. ಮುಳಬಾಗಿಲಿನಲ್ಲೂ ಅಷ್ಟೇ, ಜೋರ್ಡಾನ್ ದೇಶದಲ್ಲೂ ಅಷ್ಟೇ.

ಮೊದಲು ಒಂದು ತಪ್ಪು ಕಲ್ಪನೆಯನ್ನು ತೆಗೆದುಹಾಕೋಣ. ಯುದ್ಧವಾದರೆ ಜನ ಅಮೆರಿಕಕ್ಕೋ ಯುರೋಪಿಗೋ ಓಡಿಹೋಗುತ್ತಾರೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಲ್ಲಿ 12 ಕೋಟಿಗೂ ಹೆಚ್ಚು ಜನ ಬಲವಂತವಾಗಿ ಮನೆ ಬಿಟ್ಟವರಿದ್ದರು. ಅವರಲ್ಲಿ ಹೆಚ್ಚಿನವರು ತಮ್ಮ ದೇಶದೊಳಗೇ ಬೇರೆ ಊರು ಸೇರಿದವರು. ಗಡಿ ದಾಟಿದವರು 4 ಕೋಟಿಗೂ ಹೆಚ್ಚು. ಆ ಗಡಿ ದಾಟಿದವರಲ್ಲಿ 100ಕ್ಕೆ 70ಕ್ಕೂ ಹೆಚ್ಚು ಮಂದಿ ಇರುವುದು ಬಡ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ. ಬಾಗಿಲು ತೆರೆಯುವವನು ಪಕ್ಕದ ಮನೆಯವನೇ, ಅವನೂ ಬಡವನೇ.

ಜೋರ್ಡಾನ್ ಅಂಥ ದೇಶ. ಪಕ್ಕದ ಸಿರಿಯಾದಲ್ಲಿ 2011ರಲ್ಲಿ ಗಲಭೆ ಹೊತ್ತಿಕೊಂಡಿತು. 2012ರ ಜುಲೈನಲ್ಲಿ ಗಡಿಯ ಹತ್ತಿರ ಝಾತರಿ ಎಂಬಲ್ಲಿ ಶಿಬಿರ ತೆರೆದರು. ಮರಳುಗಾಡಿನ ಆ ಶಿಬಿರ ನೋಡನೋಡುತ್ತಲೇ ಒಂದು ಪಟ್ಟಣವಾಯಿತು. ಆದರೆ ಬಂದವರಲ್ಲಿ ಹೆಚ್ಚಿನವರು ಶಿಬಿರದಲ್ಲಿ ನಿಲ್ಲಲಿಲ್ಲ. ಊರುಗಳಿಗೆ ಬಂದರು, ಬಾಡಿಗೆ ಮನೆ ಹಿಡಿದರು. ಬಾಡಿಗೆ ಏರಿತು. ಶಾಲೆಗಳನ್ನು ಎರಡು ಪಾಳಿ ಮಾಡಬೇಕಾಯಿತು: ಬೆಳಿಗ್ಗೆ ಊರಿನ ಮಕ್ಕಳು, ಮಧ್ಯಾಹ್ನ ಸಿರಿಯಾದ ಮಕ್ಕಳು. ಇನ್ನು ನೀರು. ಜಗತ್ತಿನಲ್ಲೇ ಅತಿ ಹೆಚ್ಚು ನೀರಿನ ಬಡತನವಿರುವ ದೇಶಗಳಲ್ಲಿ ಜೋರ್ಡಾನ್ ಒಂದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿಸಬೇಕಾದ ಸ್ಥಿತಿ ಕಂಡ ಕೋಲಾರದವರಿಗೆ ಟ್ಯಾಂಕರ್ ಮುಂದೆ ಕೊಡ ಇಟ್ಟು ನಿಲ್ಲುವುದೆಂದರೇನು ಎಂದು ನಾನು ವಿವರಿಸಬೇಕಾಗಿಲ್ಲ. ಇರುವ ನೀರಿಗೇ ಹೊಸಬರು ಪಾಲು ಕೇಳಿದರೆ ಊರಿನವರ ಮನಸ್ಸು ಕಹಿಯಾಗುವುದು ಸಹಜ. ಅದನ್ನು ತಪ್ಪೆಂದು ನಾನು ಹೇಳುವುದಿಲ್ಲ. ಆದ್ದರಿಂದಲೇ ನೆರವು ಕೊಡುವವರು ಬಂದವರಿಗೂ ಕೊಡಬೇಕು, ಬರಮಾಡಿಕೊಂಡವರಿಗೂ ಕೊಡಬೇಕು.

ಈ ಮಾತು ದೊಡ್ಡ ದೇಶಗಳಿಗೆ ತಲುಪಲು ವರ್ಷಗಳೇ ಬೇಕಾದವು. 2016ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಒಂದು ಒಪ್ಪಂದವಾಯಿತು. ಜೋರ್ಡಾನ್ ಸಿರಿಯಾದವರಿಗಾಗಿ 2 ಲಕ್ಷ ಕೆಲಸದ ಅವಕಾಶ ತೆರೆಯುವುದು. ಪ್ರತಿಯಾಗಿ ವಿಶ್ವಬ್ಯಾಂಕ್ ಕಡಿಮೆ ಬಡ್ಡಿಗೆ ಸಾಲ ಕೊಡುವುದು, ಯುರೋಪಿನವರು ಜೋರ್ಡಾನಿನ ಸರಕಿಗೆ ತಮ್ಮ ಮಾರುಕಟ್ಟೆಯನ್ನು ಸಡಿಲಿಸುವುದು. ಆ ರಿಯಾಯಿತಿಗೆ ಒಂದು ಷರತ್ತು: ಗೊತ್ತುಪಡಿಸಿದ 18 ಕೈಗಾರಿಕಾ ವಲಯಗಳ ಕಾರ್ಖಾನೆಗಳು ತಮ್ಮ ಕೆಲಸಗಾರರಲ್ಲಿ 100ಕ್ಕೆ 15 ಮಂದಿಯಾದರೂ ಸಿರಿಯಾದವರನ್ನು ಇಟ್ಟುಕೊಳ್ಳಬೇಕು. ಕಾಗದದ ಮೇಲೆ ಅಂದವಾದ ಯೋಜನೆ. ಸಿದ್ಧ ಉಡುಪಿನ ಕಾರ್ಖಾನೆಗಳಿವೆ, ಹೊಲಿಗೆ ಬಲ್ಲ ಸಿರಿಯಾದ ಹೆಂಗಸರಿದ್ದಾರೆ, ಇನ್ನೇನು ಬೇಕು ಎಂದುಕೊಂಡರು.

ಹೆಂಗಸರು ಬರಲಿಲ್ಲ. ಆರಂಭದ ವರ್ಷಗಳಲ್ಲಿ ಸಿರಿಯಾದವರಿಗೆ ಕೊಟ್ಟ ಕೆಲಸದ ಪರವಾನಗಿಗಳಲ್ಲಿ ಮಹಿಳೆಯರ ಪಾಲು 100ಕ್ಕೆ 5ರ ಆಸುಪಾಸಿನಲ್ಲೇ ಉಳಿಯಿತು. ಕಾರ್ಖಾನೆಗಳಲ್ಲಿ ಹೊಲಿಯುತ್ತಿದ್ದವರು ಬಾಂಗ್ಲಾದೇಶ, ಶ್ರೀಲಂಕಾ, ಭಾರತದಿಂದ ಹೋಗಿ ಅಲ್ಲಿನ ವಸತಿಗೃಹಗಳಲ್ಲಿ ಇರುವ ಹೆಣ್ಣುಮಕ್ಕಳು. ಅವರು ಬೆಳಿಗ್ಗೆ ಎದ್ದು ಅಂಗಳ ದಾಟಿದರೆ ಕಾರ್ಖಾನೆ. ಸಿರಿಯಾದ ತಾಯಿಗೋ ಕಾರ್ಖಾನೆ ದೂರ, ಬಸ್ಸಿನ ಖರ್ಚು ಕೈಯಿಂದ, ಮಕ್ಕಳು ಮನೆಯಲ್ಲಿ. ಪರವಾನಗಿಯ ಕಾಗದ ಅವಳ ಮಗುವಿಗೆ ಊಟ ಮಾಡಿಸುವುದಿಲ್ಲ.

ಆಗ ಕೆಲವು ತಜ್ಞರು, ಅರಬ್ ಹೆಂಗಸರಿಗೆ ದುಡಿಯುವ ಮನಸ್ಸಿಲ್ಲ, ಅದು ಅವರ ಸಂಸ್ಕೃತಿ ಎಂದು ಷರಾ ಬರೆದರು. ಇಂಥ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಯಾಕೆಂದರೆ ಇದೇ ಷರಾವನ್ನು ನಮ್ಮ ಮುಳಬಾಗಿಲು ತಾಲ್ಲೂಕಿನ ಹೆಣ್ಣುಮಕ್ಕಳ ಮೇಲೂ ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿ. ಅಲ್ಲಿನ ಸಮುದಾಯ ಭವನದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ತರಬೇತಿ ನಡೆಯಿತು. ವಿದ್ಯುತ್ ಯಂತ್ರಗಳು ಬಂದವು, ಕಲಿಸುವವರು ಬಂದರು. ಕೊನೆಯ ದಿನ ಶಾಮಿಯಾನ, ಹಾರ, ಪ್ರಮಾಣಪತ್ರ, ಫೋಟೊ. ಎಲ್ಲರಿಗೂ ಕಾರ್ಖಾನೆಯಲ್ಲಿ ಕೆಲಸ ಖಚಿತ ಎಂದರು. ಕೆಲಸ ಸಿಕ್ಕಿದ್ದೂ ನಿಜ. ಅವರಲ್ಲಿ ಒಬ್ಬಳು ಹುಡುಗಿ ಇದ್ದಳು, ಶರ್ಟಿನ ಕಾಲರನ್ನು ಒಂದು ಸುಕ್ಕೂ ಬಾರದಂತೆ ತಿರುಗಿಸಿ ಹೊಲಿಯುತ್ತಿದ್ದಳು. ಕಾಲರ್ ಹೊಲಿಯುವುದು ಎಲ್ಲರ ಕೈಗೂ ಒಗ್ಗುವ ಕೆಲಸವಲ್ಲ, ಹೊಲಿದವರಿಗೆ ಗೊತ್ತು. ಎರಡನೇ ವಾರಕ್ಕೆ ಅವಳು ಕೆಲಸ ಬಿಟ್ಟಳು. ತಿಂಗಳು ತುಂಬುವುದರೊಳಗೆ ಹೆಚ್ಚಿನವರೆಲ್ಲ ಬಿಟ್ಟರು. ತರಬೇತಿ ಕೊಟ್ಟವರು, "ಈ ಕಡೆಯ ಹೆಂಗಸರಿಗೆ ಆಸಕ್ತಿ ಇಲ್ಲ" ಎಂದು ವರದಿ ಬರೆದು ಹೋದರು.

ನಾನು ಅರ್ಥಶಾಸ್ತ್ರ ಪಾಠ ಹೇಳುವವಳು. ಆಸಕ್ತಿ ಇಲ್ಲದವಳು ಅಷ್ಟು ಚೆನ್ನಾಗಿ ಕಾಲರ್ ಏಕೆ ಹೊಲಿಯುತ್ತಾಳೆ ಎಂದು ನನ್ನ ತಲೆ ಕೊರೆಯಿತು. ಅವಳ ಮನೆಗೆ ಹೋಗಿ ಕೇಳಿದೆ. ಅವಳು ಹೇಳಿದ್ದು ಇಷ್ಟು. ಕಾರ್ಖಾನೆಯ ಬಸ್ಸು ಹೆದ್ದಾರಿಯ ಕೈಮರದ ಹತ್ತಿರ ಮಾತ್ರ ನಿಲ್ಲುತ್ತದೆ, ಊರೊಳಗೆ ಬರುವುದಿಲ್ಲ. ಬರುವುದು ಇನ್ನೂ ಕತ್ತಲಿರುವಾಗ. ಊರಿನಿಂದ ಕೈಮರದವರೆಗೆ ಮಾವಿನ ತೋಪುಗಳ ನಡುವಿನ ದಾರಿ, ಒಂದು ದೀಪವೂ ಇಲ್ಲ. ಮೊಬೈಲ್ ಬೆಳಕು ಹಿಡಿದು, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಬೇಕು. ಅತ್ತೆ ಅರ್ಧ ದಾರಿಯವರೆಗೆ ಬಂದು ಬಿಡುತ್ತಿದ್ದರು. ಬಸ್ಸು ಎರಡು ನಿಮಿಷ ಕಾಯುವುದಿಲ್ಲ. ತಪ್ಪಿದರೆ ಆ ದಿನದ ಕೂಲಿ ಹೋಯಿತು, ತಿಂಗಳ ಹಾಜರಾತಿ ಭತ್ಯೆಯೂ ಹೋಯಿತು. ಮನೆಯಲ್ಲಿ ಎರಡು ವರ್ಷದ ಮಗು. ಅಂಗನವಾಡಿಯ ಬಾಗಿಲು ತೆರೆಯುವ ಹೊತ್ತಿಗೆ ಇವಳು ಕಾರ್ಖಾನೆಯಲ್ಲಿ ಕುಳಿತು ಗಂಟೆಗಟ್ಟಲೆ ಆಗಿರುತ್ತದೆ. ಅತ್ತೆ ಕೂಲಿಗೆ ಹೋಗುವವರು. ಮಗುವಿಗೆ ಜ್ವರ ಬಂದ ದಿನ ಅತ್ತೆ ಕೂಲಿ ಬಿಟ್ಟರು, ಮರುದಿನ ಇವಳು ಕೆಲಸವನ್ನೇ ಬಿಟ್ಟಳು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಂದೆರಡು ವರ್ಷದ ಮೇಲೆ ನರಸಾಪುರದ ಕಡೆಯ ಮತ್ತೊಂದು ಕಾರ್ಖಾನೆಗೆ ಜನ ಬೇಕಾಯಿತು. ಈ ಸಲ ಆ ಊರಿನ ಸ್ತ್ರೀಶಕ್ತಿ ಗುಂಪಿನವರು, ಬಸ್ಸು ಊರೊಳಗೆ ಬಂದರೆ ಮಾತ್ರ ಬರುತ್ತೇವೆ ಎಂದು ಪಟ್ಟು ಹಿಡಿದರು. ಬಸ್ಸು ದೊಡ್ಡದು, ತಿರುಗುವುದಿಲ್ಲ ಎಂದರು ಕಾರ್ಖಾನೆಯವರು. ಹಾಗಾದರೆ ಚಿಕ್ಕ ವಾಹನ ಕಳುಹಿಸಿ ಎಂದರು ಇವರು. ಕೊನೆಗೆ ಟೆಂಪೊ ಬಂತು, ದೇವಸ್ಥಾನದ ಕಟ್ಟೆಯ ಮುಂದೆ ಬಂದು ನಿಂತಿತು. ಪಂಚಾಯಿತಿಯವರು ಬೀದಿದೀಪ ಹಾಕಿಸಿದರು. ಗುಂಪಿನಲ್ಲೇ ವಯಸ್ಸಾದ ಒಬ್ಬ ಹೆಂಗಸು ಕೆಲಸಕ್ಕೆ ಹೋಗುವವರ ಮಕ್ಕಳನ್ನು ತಮ್ಮ ಪಡಸಾಲೆಯಲ್ಲಿ ನೋಡಿಕೊಳ್ಳಲು ಒಪ್ಪಿದರು, ಹೋಗುವವರೆಲ್ಲ ಸೇರಿ ಅವರಿಗೆ ತಿಂಗಳಿಗಿಷ್ಟು ಎಂದು ಕೊಟ್ಟರು. ಅದೇ ಊರು, ಅದೇ ಹೆಂಗಸರು, ಅದೇ ಅತ್ತೆಯಂದಿರು. ಹೊಸ ತರಬೇತಿ ಒಂದೂ ಇಲ್ಲ. ಕಾಲರ್ ಹೊಲಿಯುತ್ತಿದ್ದ ಆ ಹುಡುಗಿ ಈಗ ಒಂದು ಸಾಲಿನ ಮೇಲ್ವಿಚಾರಕಿ. ಇದನ್ನು ಹೇಳುವಾಗ ನನಗೆ ಎಷ್ಟು ಸಂತೋಷವಾಗುತ್ತದೆ ಎಂದರೆ, ಸಮಯ ಮೀರುತ್ತಿದೆ ಎಂದು ಗಾಜಿನ ಆಚೆಯಿಂದ ಕೈಸನ್ನೆ ಮಾಡುತ್ತಿರುವವರು ದಯವಿಟ್ಟು ಕ್ಷಮಿಸಬೇಕು.

ದಾರಿ ಮತ್ತು ಕೂಸು. ನಮ್ಮ ರಾಜ್ಯದಲ್ಲೇ ಇದಕ್ಕೆ ಸಾಕ್ಷಿ ಇದೆ. ಕೆ.ಜಿ.ಎಫ್. ಗಣಿ 2001ರ ಫೆಬ್ರುವರಿ ಕೊನೆಗೆ ಮುಚ್ಚಿತು. ತಲೆಮಾರುಗಳ ಹಿಂದೆ ಬೇರೆ ಸೀಮೆಯಿಂದ ಬಂದು ನೆಲೆಸಿದ್ದ ಕುಟುಂಬಗಳ ಅನ್ನ ಕಿತ್ತುಹೋಯಿತು. ಆ ಮನೆಗಳನ್ನು ಉಳಿಸಿದ್ದರಲ್ಲಿ ದೊಡ್ಡ ಪಾಲು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲಿನದು. ನಸುಕಿನಲ್ಲಿ ಆ ರೈಲು ಹತ್ತುವ ಹೆಂಗಸರನ್ನು ಬಂಗಾರಪೇಟೆಯವರು ದಿನವೂ ನೋಡುತ್ತಾರೆ. ಇನ್ನೊಂದು ಸಾಕ್ಷಿ ಸುಳ್ಯ ಮತ್ತು ಪುತ್ತೂರಿನ ಕಡೆ ಇದೆ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಅವರ ನಡುವೆ ಆದ ಒಪ್ಪಂದದಂತೆ ಶ್ರೀಲಂಕಾದ ಚಹಾ ತೋಟಗಳಿಂದ ಮರಳಿದ ತಮಿಳು ಕುಟುಂಬಗಳಿಗೆ ಅಲ್ಲಿ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಮನೆಯೂ ತೋಟದಲ್ಲೇ. ಬೆಳಗಿನ ಜಾವ ರಬ್ಬರ್ ಹಾಲು ಇಳಿಸಲು ಹೆಂಗಸರು ಗಂಡಸರ ಸಮಕ್ಕೆ ಹೊರಟರು. ಸಂಸ್ಕೃತಿಯ ಮಾತು ಅಲ್ಲಿ ಯಾರೂ ಎತ್ತಲಿಲ್ಲ.

ಬೈಲುಕುಪ್ಪೆಯ ಬಗ್ಗೆ ಹೇಳಲು ತುಂಬ ಇತ್ತು. 1960ರ ದಶಕದ ಆರಂಭದಲ್ಲಿ ಟಿಬೆಟಿನವರಿಗೆ ಮೈಸೂರು ರಾಜ್ಯ ಕೊಟ್ಟದ್ದು ಕಾಡು ಕಡಿದು ಹದ ಮಾಡಬೇಕಾದ ಭೂಮಿ. ಮುಸುಕಿನ ಜೋಳ ಬೆಳೆದರು, ಹೆಂಗಸರು ರತ್ನಗಂಬಳಿ ನೇಯ್ದರು. ನೇಯ್ಗೆಯ ಮಗ್ಗ ಅವರ ವಸತಿಯಲ್ಲೇ ಇತ್ತು ಎಂಬುದನ್ನು ಮಾತ್ರ ಗಮನಿಸಿ. ಚಳಿಗಾಲದಲ್ಲಿ ನಮ್ಮ ಊರುಗಳ ಬೀದಿಬದಿಯಲ್ಲಿ ಸ್ವೆಟರ್ ಹರಡಿ ಕುಳಿತುಕೊಳ್ಳುವ ಟಿಬೆಟಿನ ತಾಯಂದಿರನ್ನು ನೀವು ಕಂಡೇ ಇರುತ್ತೀರಿ.

ಉಗಾಂಡಾ ದೇಶವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಅಲ್ಲಿ 2006ರ ಕಾನೂನು ನಿರಾಶ್ರಿತರಿಗೆ ದುಡಿಯುವ, ಓಡಾಡುವ ಹಕ್ಕು ಕೊಟ್ಟಿತು. ಬಂದ ನೆರವಿನಲ್ಲಿ 100ಕ್ಕೆ 30 ಭಾಗ ಸುತ್ತಲಿನ ಊರಿನವರಿಗೆ ಎಂದು ನಿಯಮ ಮಾಡಿಕೊಂಡರು. ನಿರಾಶ್ರಿತರ ಹೆಸರಿನಲ್ಲಿ ಬಂದ ಕೊಳವೆಬಾವಿಯಿಂದ ಊರಿನ ಹೆಂಗಸೂ ಕೊಡ ತುಂಬಿಸಿಕೊಂಡರೆ ಜಗಳ ಅರ್ಧ ಕಡಿಮೆಯಾಗುತ್ತದೆ. ಇತ್ತ ಬಾಂಗ್ಲಾದೇಶ 2017ರಲ್ಲಿ ಮ್ಯಾನ್ಮಾರಿನಿಂದ ಓಡಿಬಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳಿಗೆ ಕೆಲವೇ ತಿಂಗಳಲ್ಲಿ ಜಾಗ ಕೊಟ್ಟಿತು. ಅದು ದೊಡ್ಡ ಮನಸ್ಸು. ಆದರೆ ಶಿಬಿರದ ಹೊರಗೆ ದುಡಿಯಲು ಬಿಡಲಿಲ್ಲ. ಬೇಲಿಯೊಳಗೆ ದಾರಿಯ ಪ್ರಶ್ನೆಯೇ ಏಳುವುದಿಲ್ಲ.

ಜೋರ್ಡಾನಿನವರೂ ಕ್ರಮೇಣ ಪಾಠ ಕಲಿತರು. 2018ರ ಕೊನೆಗೆ ಸಿರಿಯಾದವರು ಮನೆಯಲ್ಲೇ ಅಡುಗೆ ಪದಾರ್ಥ, ಹೊಲಿಗೆ, ಕರಕುಶಲ ವಸ್ತುಗಳ ಕಸುಬು ನೋಂದಾಯಿಸಿ ನಡೆಸಬಹುದೆಂದು ಒಪ್ಪಿದರು. ಒಳ್ಳೆಯದೇ. ಆದರೆ ಮನೆಯ ಕಸುಬಿನಲ್ಲಿ ಕೈಗೆ ಬರುವುದು ಕಡಿಮೆ. ಕಾರ್ಖಾನೆಯ ಸಂಬಳ, ಸಾಮಾಜಿಕ ಭದ್ರತೆ ಬೇಕೆಂದರೆ ಮತ್ತೆ ಅದೇ ಮಾತು: ಬಸ್ಸು, ಕೂಸು.

ಇಲ್ಲಿ ಕೇಳುತ್ತಿರುವವರಲ್ಲಿ ಪಂಚಾಯಿತಿ ಸದಸ್ಯರಿದ್ದರೆ, ಸಂಘದ ಪ್ರತಿನಿಧಿಗಳಿದ್ದರೆ ಅವರಿಗೆ ಎರಡು ವಿಷಯ ತಿಳಿಸುತ್ತೇನೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಿತು. ಅದು ಕೇಳಿ ಪಡೆಯಬೇಕಾದ ದಾನವಲ್ಲ, ಕಾನೂನು. ಇನ್ನು ಉದ್ಯೋಗ ಖಾತ್ರಿ ಕೂಲಿಕಾರ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ನಮ್ಮ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಇದ್ದರೆ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ, ಕಾರ್ಖಾನೆಯ ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ.

ಎಲ್ಲರಿಗೂ ವಂದನೆಗಳು.