ಆಟ ನೋಡಿ ಕಾರ್ಡ್ ಕೊಳ್ಳಿರಿ: ಕಡಿಮೆ ರೊಕ್ಕದಲ್ಲಿ ನೇರಪ್ರಸಾರ

ಎಲ್ಲರಿಗೂ ನಮಸ್ಕಾರ್ರಿ.

ಈ ಸಭೆಯಲ್ಲಿ ಮದುವೆ ವಿಡಿಯೋ ಮಾಡುವವರಿದ್ದೀರಿ, ಮಠದ ಪ್ರವಚನ ಯೂಟ್ಯೂಬಿಗೆ ಬಿಡುವವರಿದ್ದೀರಿ, ಪಾರಿಜಾತ ಆಟದ ಮೇಳದ ಹಿಂದೆ ಕ್ಯಾಮೆರಾ ಹೊತ್ತು ಹೋಗುವವರಿದ್ದೀರಿ, ಆನ್‌ಲೈನ್ ಪಾಠ ಹೇಳುವ ಮಾಸ್ತರರೂ ಇದ್ದೀರಿ. ಕ್ಯಾಮೆರಾ ಎಲ್ಲರ ಹತ್ತಿರ ಇದೆ, ಲ್ಯಾಪ್‌ಟಾಪೂ ಇದೆ. ಇವೆರಡರ ನಡುವೆ ಕೂಡುವ ಹೆಬ್ಬೆರಳಿನಷ್ಟು ಡಬ್ಬಿಗೆ, ಅಂದರೆ ಕ್ಯಾಪ್ಚರ್ ಕಾರ್ಡಿಗೆ, ಎಷ್ಟು ರೊಕ್ಕ ಹಾಕಬೇಕು ಎಂಬುದು ಇವತ್ತಿನ ಮಾತು. ಸಾವಿರ ರೂಪಾಯಿಯೊಳಗೂ ಸಿಗುತ್ತದೆ, ಹತ್ತು ಸಾವಿರ ದಾಟಿದ್ದೂ ಸಿಗುತ್ತದೆ. ಬಾಗಲಕೋಟೆ ಜಿಲ್ಲೆಯ ಬಹುತೇಕ ಕಾರ್ಯಕ್ರಮಗಳಿಗೆ ಅಗ್ಗದ್ದೇ ಸಾಕು ಎಂದು ನಾನು ಹೇಳುತ್ತೇನೆ. ಆದರೆ ಅದು ಎಲ್ಲಿ ಸಾಲುವುದಿಲ್ಲ ಎಂಬುದು ಗೊತ್ತಿದ್ದು ಕೊಳ್ಳಬೇಕು.

ಕ್ಯಾಮೆರಾದ ಎಚ್‌ಡಿಎಂಐ ತೂತಿನಿಂದ ಬರುವ ಚಿತ್ರವನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ವೆಬ್‌ಕ್ಯಾಮ್ ಎಂದು ನಂಬಿಸುವುದೇ ಕ್ಯಾಪ್ಚರ್ ಕಾರ್ಡಿನ ಕೆಲಸ. ವಿಂಡೋಸ್, ಲಿನಕ್ಸ್, ಮ್ಯಾಕ್ ಯಾವುದಕ್ಕೂ ಬೇರೆ ಡ್ರೈವರ್ ಬೇಡ. ತೊಂದರೆ ಇರುವುದು ಯುಎಸ್‌ಬಿಯ ದಾರಿಯಲ್ಲಿ. ಲೆಕ್ಕ ಹಾಕಿ ನೋಡ್ರಿ. 1920 ಅಗಲ, 1080 ಎತ್ತರದ ಒಂದು ಚಿತ್ರದಲ್ಲಿ 20,73,600 ಬಿಂದುಗಳು. ಸಂಕುಚನ ಮಾಡದ ಚಿತ್ರಕ್ಕೆ ಬಿಂದುವಿಗೆ ಎರಡು ಬೈಟ್, ಅಂದರೆ ಒಂದು ಫ್ರೇಮಿಗೆ 4 ಎಂಬಿಗಿಂತ ಸ್ವಲ್ಪ ಹೆಚ್ಚು. ಸೆಕೆಂಡಿಗೆ 25 ಫ್ರೇಮ್ ಎಂದರೆ 104 ಎಂಬಿ. ಯುಎಸ್‌ಬಿ 2.0 ದಾರಿಯಲ್ಲಿ ನಿಜವಾಗಿ ಹಾಯುವುದು ಸೆಕೆಂಡಿಗೆ 40 ಎಂಬಿಯೂ ಕಷ್ಟ. ಹಾಗಾಗಿ ಅಗ್ಗದ ಕಾರ್ಡು ಪ್ರತಿ ಫ್ರೇಮನ್ನೂ ಜೆಪೆಗ್ ಫೋಟೋದಂತೆ ಕುಗ್ಗಿಸಿ ಕಳಿಸುತ್ತದೆ. ಇದಕ್ಕೆ ಎಂಜೆಪೆಗ್ ಎನ್ನುತ್ತಾರೆ. ಯುಎಸ್‌ಬಿ 3.0 ಕಾರ್ಡಿಗೆ ಈ ಇಕ್ಕಟ್ಟಿಲ್ಲ. 50 ಫ್ರೇಮಿನ 207 ಎಂಬಿಯೂ ಕುಗ್ಗಿಸದೆ ಸಲೀಸಾಗಿ ಹೋಗುತ್ತದೆ.

ಡಬ್ಬಿಯ ಮೇಲಿನ ‘4ಕೆ’ ಎಂಬ ಅಕ್ಷರಕ್ಕೆ ಮರುಳಾಗಬೇಡಿರಿ. ಕಾರ್ಡು 4ಕೆ ಚಿತ್ರವನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ ಅದರ ಅರ್ಥ. ಹೊರಗೆ ಕೊಡುವುದು 1080. ಅದೇ ರೀತಿ, ಪ್ಲಗ್ಗಿನ ಒಳಗೆ ನೀಲಿ ಬಣ್ಣವಿದ್ದ ಮಾತ್ರಕ್ಕೆ ಅದು 3.0 ಆಗುವುದಿಲ್ಲ. ಬೆಳಕಿಗೆ ಹಿಡಿದು ಪ್ಲಗ್ಗಿನ ಬಾಯೊಳಗೆ ನೋಡಿರಿ. ಮುಂದೆ ನಾಲ್ಕು ಉದ್ದ ಪಟ್ಟಿ ಎಲ್ಲದರಲ್ಲೂ ಇರುತ್ತವೆ. ಅವುಗಳ ಹಿಂದೆ, ಒಳಗಡೆ, ಇನ್ನೂ ಐದು ಸಣ್ಣ ಪಟ್ಟಿ ಇದ್ದರೆ ಮಾತ್ರ 3.0. ನಾಲ್ಕೇ ಇದ್ದು ಪ್ಲಾಸ್ಟಿಕ್ ನೀಲಿ ಇದ್ದರೆ, ಬಣ್ಣಕ್ಕೆ ಹೆಚ್ಚಿನ ರೊಕ್ಕ ಕೊಟ್ಟಂತಾಯಿತು. ಲ್ಯಾಪ್‌ಟಾಪಿಗೆ ಹಚ್ಚಿದ ಮೇಲೂ ಪರೀಕ್ಷೆ ಮಾಡಬಹುದು. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ಓದಿರಿ. ಪಿಐಡಿ (ಉತ್ಪನ್ನದ ಗುರುತು ಸಂಖ್ಯೆ) 2109 ಎಂದಿದ್ದರೆ ಒಳಗಿರುವುದು ಮ್ಯಾಕ್ರೋಸಿಲಿಕಾನ್ ಕಂಪನಿಯ ಎಂಎಸ್2109 ಚಿಪ್, ಅದು 2.0. ಪಿಐಡಿ 2130 ಎಂದಿದ್ದರೆ ಅದೇ ಕಂಪನಿಯ 3.0 ಚಿಪ್. ಹೊರಗಿನ ಹೆಸರು ನೂರಿದ್ದರೂ ಅಗ್ಗದ ಕಾರ್ಡುಗಳಲ್ಲಿ ಹೆಚ್ಚಾಗಿ ಕಾಣುವುದು ಈ ಚಿಪ್‌ಗಳೇ.

ಈಗ ಆಟಕ್ಕೆ ಬರೋಣ. ಪ್ರವಚನ, ಪಾಠ, ಭಜನೆ, ಪಾರಿಜಾತ ಇವುಗಳಿಗೆ 2.0 ಕಾರ್ಡು, 1080, 25 ಫ್ರೇಮ್ ಬರೋಬ್ಬರಿ ಸಾಕು. ಕುಸ್ತಿಗೆ ಸಾಲುವುದಿಲ್ಲ. ಪೈಲ್ವಾನ ಎದುರಾಳಿಯನ್ನು ಎತ್ತಿ ಒಗೆಯುವ ಹೊತ್ತಿಗೆ 25 ಫ್ರೇಮಿನಲ್ಲಿ ಕೈಕಾಲು ಮಸುಕಾಗಿ ಎಳೆದಂತೆ ಕಾಣುತ್ತವೆ. ಅಲ್ಲಿ 50 ಫ್ರೇಮ್ ಬೇಕು. ಹಾಗೆಂದು ತಟ್ಟನೆ ದುಬಾರಿ ಕಾರ್ಡಿಗೆ ಹೋಗಬೇಕಿಲ್ಲ. ಎಂಎಸ್2109 ಕಾರ್ಡೇ 1280ಕ್ಕೆ 720ರ ಅಳತೆಯಲ್ಲಿ 50 ಫ್ರೇಮ್ ಕೊಡುತ್ತದೆ. ಮೊಬೈಲ್ ನೆಟ್‌ವರ್ಕಿನಿಂದ ಪ್ರಸಾರ ಮಾಡುವವರು ಹೇಗೂ ಹೆಚ್ಚಾಗಿ 720ಕ್ಕೆ ಇಳಿಸಬೇಕಾಗುತ್ತದೆ. ಕುಸ್ತಿಗೆ 1080ರ 25 ಫ್ರೇಮಿಗಿಂತ 720ರ 50 ಫ್ರೇಮ್ ಎಷ್ಟೋ ಮೇಲು. 1080ರಲ್ಲೇ 50 ಫ್ರೇಮ್ ಬೇಕು, ರೆಕಾರ್ಡನ್ನು ಆಮೇಲೆ ಎಡಿಟ್ ಮಾಡಬೇಕು ಎನ್ನುವವರು ಮಾತ್ರ 3.0 ಕೊಳ್ಳಿರಿ.

30, 60 ಎನ್ನದೆ 25, 50 ಎಂದು ಯಾಕೆ ಹೇಳುತ್ತಿದ್ದೇನೆ? ನಮ್ಮ ಕರೆಂಟು 50 ಹರ್ಟ್ಸ್‌ನದು. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕ್ಯಾಮೆರಾವನ್ನು ಪಾಲ್ ಪದ್ಧತಿಗೆ (25, 50 ಫ್ರೇಮಿನ ಟಿವಿ ಪದ್ಧತಿ) ಇಟ್ಟು, 25 ಫ್ರೇಮ್, ಶಟರ್ ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕೆ ಹಾಕಿದರೆ ಪ್ರತಿ ಫ್ರೇಮಿಗೂ ಬರೋಬ್ಬರಿ ಎರಡು ಮಿನುಗು ಸಿಗುತ್ತವೆ, ಬೆಳಕು ಸಮ ಬೀಳುತ್ತದೆ. ಶಟರನ್ನು 60ಕ್ಕೆ ಒಯ್ದರೆ ಮಂಟಪದ ತುಂಬ ಪಟ್ಟಿ ಹರಿದಾಡುತ್ತವೆ. ಕ್ಯಾಮೆರಾ 25 ಇದ್ದು ಓಬಿಎಸ್ (ಲ್ಯಾಪ್‌ಟಾಪಿನಲ್ಲಿ ಪ್ರಸಾರ, ರೆಕಾರ್ಡ್ ಮಾಡುವ ಸಾಫ್ಟ್‌ವೇರ್) 30 ಇದ್ದರೆ ಸೆಕೆಂಡಿಗೆ ಐದು ಫ್ರೇಮ್ ಎರಡೆರಡು ಸಲ ಬಂದು ನಡಿಗೆ ತಡವರಿಸುತ್ತದೆ. ಓಬಿಎಸ್‌ನ ವಿಡಿಯೋ ಸೆಟ್ಟಿಂಗಿನಲ್ಲಿ ‘25 ಪಾಲ್’ ಎಂದೇ ಆರಿಸಿರಿ, ಕುಸ್ತಿಗೆ 50. ಓಬಿಎಸ್‌ನಲ್ಲೇ ಕಾರ್ಡಿನ ಪ್ರಾಪರ್ಟೀಸ್ ತೆರೆದು ರೆಸಲ್ಯೂಷನ್ ಕಸ್ಟಮ್ ಮಾಡಿ, 1920ಕ್ಕೆ 1080, 25, ಎಂಜೆಪೆಗ್ ಎಂದು ಕೈಯಿಂದಲೇ ತುಂಬಿರಿ. ವೈಯುವೈ2 (ಕುಗ್ಗಿಸದ ರೂಪ) ಎಂದು ಬಿಟ್ಟರೆ ಕಾರ್ಡು 1080ರಲ್ಲಿ ಸೆಕೆಂಡಿಗೆ ಐದು ಫ್ರೇಮ್ ಮಾತ್ರ ಕೊಡುತ್ತದೆ. ಕಾರ್ಡು ಕೆಟ್ಟಿದೆ ಎಂದು ವಾಪಸು ಕಳಿಸುವವರಲ್ಲಿ ಎಷ್ಟೋ ಜನರ ತಪ್ಪು ಇದೊಂದೇ.

ಅಗ್ಗದ ಕಾರ್ಡಿನ ನಿಜವಾದ ಕೊರತೆ ಬಣ್ಣದಲ್ಲಿದೆ. ಒಂದು ಇಳಕಲ್ ಸೀರೆಯ ಟೋಪ ತೆನಿ ಸೆರಗನ್ನು ಕ್ಯಾಮೆರಾದ ಮುಂದೆ ಹಿಡಿಯಿರಿ. ಕೆಂಪು, ಬಿಳಿ ಸೇರುವ ಆ ಹಲ್ಲಿನಂಥ ಅಂಚನ್ನು ದೊಡ್ಡದು ಮಾಡಿ ನೋಡಿರಿ. ಜೆಪೆಗ್ ಕುಗ್ಗಿಸುವಾಗ ಬೆಳಕಿನ ವಿವರ ಹೆಚ್ಚು ಉಳಿಸಿ, ಬಣ್ಣದ ವಿವರ ಕಡಿಮೆ ಉಳಿಸುವುದರಿಂದ ಕೆಂಪು ಆಚೀಚೆ ಸೋರಿ, ಸಣ್ಣ ಚೌಕ ಚೌಕವಾಗಿ ಒಡೆದಿರುತ್ತದೆ. ಮೊಬೈಲಿನಲ್ಲಿ ನೋಡುವವರಿಗೆ ಇದು ಕಾಣದು. ಸೀರೆ ವ್ಯಾಪಾರಕ್ಕೆಂದೇ ನೇರಪ್ರಸಾರ ಮಾಡುವ ಇಳಕಲ್ಲಿನವರು ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಂಡು 3.0 ಕಾರ್ಡಿಗೇ ಹೋಗಬೇಕು. ಗಿರಾಕಿ ನೋಡುವುದೇ ಆ ಅಂಚನ್ನು. ಚಿತ್ರವೆಲ್ಲ ಹೊಗೆ ಮುಸುಕಿದಂತೆ ತೆಳುವಾಗಿ ಕಂಡರೆ ಅದು ಬೇರೆ ಸಂಗತಿ. ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ಕಲರ್ ರೇಂಜ್ ಅನ್ನು ಫುಲ್‌ನಿಂದ ಲಿಮಿಟೆಡ್‌ಗೆ ಬದಲಿಸಿರಿ, ಕಪ್ಪು ಕಪ್ಪಾಗುತ್ತದೆ.

ಕಾರ್ಡು ಕೊಳ್ಳುವ ಮೊದಲು ನಿಮ್ಮ ಕ್ಯಾಮೆರಾವನ್ನು ಟಿವಿಗೆ ಹಚ್ಚಿ ನೋಡಿರಿ. ಬ್ಯಾಟರಿ ಗುರುತು, ಫೋಕಸ್ಸಿನ ಚೌಕ ಎಲ್ಲ ಟಿವಿಯಲ್ಲಿ ಕಂಡರೆ ಪ್ರಸಾರದಲ್ಲೂ ಕಾಣುತ್ತವೆ. ಸೋನಿ ಕ್ಯಾಮೆರಾಗಳಲ್ಲಿ ‘ಎಚ್‌ಡಿಎಂಐ ಇನ್ಫೋ ಡಿಸ್‌ಪ್ಲೇ’ ಆಫ್ ಮಾಡಿದರೆ ಹೋಗುತ್ತವೆ. ಕೆಲವು ಕ್ಯಾಮೆರಾಗಳಲ್ಲಿ ಆ ಸೌಲಭ್ಯವೇ ಇಲ್ಲ, ಎಷ್ಟು ದುಬಾರಿ ಕಾರ್ಡು ತಂದರೂ ಅವು ಹೋಗವು. ಕ್ಯಾಮೆರಾವನ್ನು ಅರ್ಧ ಗಂಟೆ ಹಾಗೇ ಬಿಟ್ಟು, ತಾನೇ ಆರುತ್ತದೆಯೇ ನೋಡಿರಿ; ಆರಿದರೆ ಮೆನುವಿನಲ್ಲಿ ಆಟೋ ಪವರ್ ಆಫ್ ತೆಗೆಯಿರಿ. ಇಡೀ ರಾತ್ರಿಯ ಆಟಕ್ಕೆ ಡಮ್ಮಿ ಬ್ಯಾಟರಿ (ಬ್ಯಾಟರಿಯ ಜಾಗದಲ್ಲಿ ಕೂತು ಪ್ಲಗ್ಗಿನ ಕರೆಂಟು ಕೊಡುವಂಥದ್ದು) ಬೇಕೇ ಬೇಕು. ಹೆಗಲ ಮೇಲಿಡುವ ಹಳೆಯ ಕ್ಯಾಮೆರಾಗಳು ಸಾಮಾನ್ಯವಾಗಿ 50ಐ ಕೊಡುತ್ತವೆ, ಅಂದರೆ ಒಂದೊಂದು ಸಾಲು ಬಿಟ್ಟ ಅರ್ಧ ಚಿತ್ರಗಳು. ಕೈ ಬೀಸಿದಾಗ ಅಂಚು ಬಾಚಣಿಕೆಯಂತೆ ಕಂಡರೆ ಕಾರಣ ಅದೇ. ಮೆನುವಿನಲ್ಲಿ ಪೂರ್ಣ ಚಿತ್ರ ಕೊಡುವ 25ಪಿ ಅಥವಾ 50ಪಿ ಇದ್ದರೆ ಅದಕ್ಕೆ ಬದಲಿಸಿರಿ. ಇಲ್ಲದಿದ್ದರೆ ಓಬಿಎಸ್‌ನಲ್ಲಿ ಡಿಇಂಟರ್‌ಲೇಸಿಂಗ್ (ಅರ್ಧ ಚಿತ್ರಗಳನ್ನು ಕೂಡಿಸುವ ಸೆಟ್ಟಿಂಗ್) ತೆರೆದು ಯಾಡಿಫ್ ಆರಿಸಿರಿ.

ಮೈಕ್ರೋ ಎಚ್‌ಡಿಎಂಐ ಇರುವ ಕ್ಯಾಮೆರಾದವರಿಗೆ ಒಂದು ಮಾತು. ಆ ತೂತು ಬಹಳ ನಾಜೂಕು, ದಪ್ಪ ಕೇಬಲ್ ಜೋತು ಬಿದ್ದರೆ ಒಳಗಿನ ಬೆಸುಗೆಯೇ ಕಿತ್ತು ಬರುತ್ತದೆ. ಗೇಣುದ್ದದ ಸಣ್ಣ ತುಂಡು ಕೇಬಲನ್ನು ಕ್ಯಾಮೆರಾಕ್ಕೆ ಹಚ್ಚಿ, ಅದರ ಇನ್ನೊಂದು ತುದಿಯನ್ನು ಟ್ರೈಪಾಡಿನ ಕಾಲಿಗೆ ಬಿಗಿದು, ಅಲ್ಲಿಂದ ಮುಂದೆ ದೊಡ್ಡ ಕೇಬಲ್ ಎಳೆಯಿರಿ. ಯಾರಾದರೂ ಎಡವಿದರೆ ಏಟು ಟ್ರೈಪಾಡಿಗೆ ಬೀಳಲಿ. ಕಾರ್ಡನ್ನೂ ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸದೆ ಸಣ್ಣ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ಗಾಳಿಯಲ್ಲಿ ಇಡಿರಿ, ಅದು ಬಹಳ ಬಿಸಿಯಾಗುತ್ತದೆ. ಎರಡು ಕ್ಯಾಮೆರಾ ಇದ್ದರೆ ಎರಡು ಕಾರ್ಡನ್ನು ಒಂದೇ ಹಬ್ಬಿಗೆ ಹಚ್ಚಬೇಡಿರಿ. ಇಬ್ಬರೂ ಅದೇ 40 ಎಂಬಿಗೆ ಜಗಳವಾಡಿ ಒಬ್ಬರ ಚಿತ್ರ ಕಪ್ಪಾಗುತ್ತದೆ.

ಕಾರ್ಡಿನಲ್ಲಿ ಉಳಿಸಿದ ರೊಕ್ಕವನ್ನು ಧ್ವನಿಗೆ ಹಾಕಿರಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಹಾಡು ಒಡೆದರೆ ಎದ್ದು ಹೋಗುತ್ತಾರೆ. ಎಂಎಸ್2109 ಚಿಪ್ಪಿಗೆ ಇಲ್ಲೊಂದು ದೋಷವಿದೆ. ಎಡ, ಬಲ ಎರಡು ಕಿವಿಗೆ ಸೆಕೆಂಡಿಗೆ ತಲಾ 48,000 ಧ್ವನಿ ಮಾದರಿಗಳನ್ನು ಅದು ಒಂದೇ ಕಿವಿಯ 96,000 ಎಂದು ಕಂಪ್ಯೂಟರಿಗೆ ಹೇಳುತ್ತದೆ. ಮಾತಿಗೆ ನಡೆಯುತ್ತದೆ. ಪಾರಿಜಾತದ ತಾಳ, ಹಾರ್ಮೋನಿಯಂ ಎತ್ತರದ ದನಿಗೆ ಇದನ್ನು ನಂಬಬೇಡಿರಿ. ಸೌಂಡಿನವರ ಮಿಕ್ಸರಿನ ರೆಕ್ ಔಟ್ ಅಥವಾ ಆಕ್ಸ್ ತೂತಿನಿಂದ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸಿನ (ಧ್ವನಿಯನ್ನು ಲ್ಯಾಪ್‌ಟಾಪಿಗೆ ಒಯ್ಯುವ ಡಬ್ಬಿ) ಲೈನ್ ಇನ್‌ಗೆ ತಂತಿ ತನ್ನಿರಿ. ಮಿಕ್ಸರಿನ ತಂತಿಯನ್ನು ಕ್ಯಾಮೆರಾದ ಮೈಕ್ ತೂತಿಗೆ ಹಾಕಿದರೆ ಧ್ವನಿ ಒಡೆಯುವುದು ಖಚಿತ; ಅದು ಕೆಲವೇ ಮಿಲಿವೋಲ್ಟ್ ನಿರೀಕ್ಷಿಸುವ ಜಾಗ, ಬರುವುದು ಒಂದು ವೋಲ್ಟಿನ ಆಸುಪಾಸು. ‘ಗುಂಯ್’ ಎಂಬ ಸದ್ದು ಕೇಳಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿರಿ. ನಿಂತರೆ ಅದು ಅರ್ಥಿಂಗಿನ ಸುತ್ತು. ಲ್ಯಾಪ್‌ಟಾಪು, ಮಿಕ್ಸರು ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿರಿ, ಆಗಲೂ ಹೋಗದಿದ್ದರೆ ಆ ಸುತ್ತು ಮುರಿಯುವ ಗ್ರೌಂಡ್ ಲೂಪ್ ಐಸೋಲೇಟರ್ ಹಾಕಿರಿ.

ಧ್ವನಿ ಬೇರೆ ದಾರಿಯಿಂದ ಬಂದಾಗ ಚಿತ್ರಕ್ಕಿಂತ ಮುಂಚೆ ಮುಟ್ಟುತ್ತದೆ. ಮೈಕಿನ ಮುಂದೆ ಒಬ್ಬರು ಚಪ್ಪಾಳೆ ತಟ್ಟಲಿ, ರೆಕಾರ್ಡ್ ಮಾಡಿ, ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆದು ಸದ್ದಿಗೂ ಕೈ ಕೂಡುವುದಕ್ಕೂ ನಡುವೆ ಎಷ್ಟು ಫ್ರೇಮ್ ಎಂದು ಎಣಿಸಿರಿ. 25 ಫ್ರೇಮಿನಲ್ಲಿ ಒಂದೊಂದು ಫ್ರೇಮಿಗೆ 40 ಮಿಲಿಸೆಕೆಂಡ್. ನಾಲ್ಕು ಫ್ರೇಮ್ ಅಂತರವಿದ್ದರೆ ಓಬಿಎಸ್‌ನ ಅಡ್ವಾನ್ಸ್‌ಡ್ ಆಡಿಯೋದಲ್ಲಿ ಸಿಂಕ್ ಆಫ್‌ಸೆಟ್ 160 ಮಿಲಿಸೆಕೆಂಡ್ ಹಾಕಿರಿ.

ಜಾತ್ರೆಯ ಬಯಲಿನಲ್ಲಿ 720ರ 25 ಫ್ರೇಮಿಗೆ 3 ಎಂಬಿಪಿಎಸ್ (ಸೆಕೆಂಡಿಗೆ 3 ಮೆಗಾಬಿಟ್; ಎಂಟು ಬಿಟ್ ಸೇರಿ ಒಂದು ಬೈಟ್) ಇಟ್ಟರೆ ಗಂಟೆಗೆ 1.35 ಜಿಬಿ ಡೇಟಾ ಬೇಕು. ದಿನಕ್ಕೆ 2 ಜಿಬಿಯ ಸಿಮ್ ಒಂದೂವರೆ ಗಂಟೆಗೆ ಮುಗಿಯುತ್ತದೆ. ರಾತ್ರಿ ಹತ್ತರಿಂದ ನಸುಕಿನ ನಾಲ್ಕರವರೆಗಿನ ಆಟಕ್ಕೆ 8 ಜಿಬಿ ದಾಟುತ್ತದೆ. ಬನಶಂಕರಿ ಜಾತ್ರೆಯಂಥ ಜನಸಂದಣಿಯಲ್ಲಿ ಹಗಲು ತೋರಿಸಿದ ಅಪ್‌ಲೋಡ್ ವೇಗ ರಾತ್ರಿ ಇರುವುದಿಲ್ಲ, ಜನ ಸೇರಿದ ಹೊತ್ತಿಗೇ ಅಳೆಯಿರಿ. ಪ್ರಸಾರದ ಜೊತೆಗೇ ಲ್ಯಾಪ್‌ಟಾಪಿನಲ್ಲಿ ರೆಕಾರ್ಡೂ ನಡೆಯಲಿ, ಅದು ಎಂಕೆವಿ ರೂಪದಲ್ಲಿರಲಿ. ಸಾಮಾನ್ಯ ಎಂಪಿ4 ಫೈಲು ನಡುವೆ ಲ್ಯಾಪ್‌ಟಾಪ್ ಆರಿದರೆ ತೆರೆಯುವುದೇ ಇಲ್ಲ; ಎಂಕೆವಿ ಆರಿದ ಕ್ಷಣದವರೆಗೆ ಉಳಿಯುತ್ತದೆ. ಆಮೇಲೆ ಓಬಿಎಸ್‌ನ ಫೈಲ್ ಮೆನುವಿನಿಂದಲೇ ಎಂಪಿ4 ಮಾಡಿಕೊಳ್ಳಬಹುದು.

ಕಾರ್ಡು ಮನೆಗೆ ಬಂದ ದಿನವೇ, ವಾಪಸು ಕೊಡುವ ಅವಧಿ ಮುಗಿಯುವ ಮುಂಚೆ, ಎರಡು ಗಂಟೆ ಬಿಡದೆ ಓಡಿಸಿರಿ. ಕ್ಯಾಮೆರಾದ ಮುಂದೆ ಸೆಕೆಂಡ್ ಮುಳ್ಳಿನ ಗಡಿಯಾರ ಇಡಿರಿ. ಕೊನೆಯ ಹತ್ತು ನಿಮಿಷದಲ್ಲಿ ಮುಳ್ಳು ಎಲ್ಲಾದರೂ ನಿಂತು ಹಾರಿದರೆ, ಅಥವಾ ಚಪ್ಪಾಳೆ ಪರೀಕ್ಷೆಯ ಅಂತರ ಮೊದಲಿಗಿಂತ ಬೆಳೆದಿದ್ದರೆ, ಮೊದಲು ಬೇರೆ ಯುಎಸ್‌ಬಿ ತೂತು, ಬೇರೆ ಎಚ್‌ಡಿಎಂಐ ಕೇಬಲ್ ಹಾಕಿ ಇನ್ನೊಮ್ಮೆ ಓಡಿಸಿರಿ. ಆಗಲೂ ಹಾಗೇ ಆದರೆ ಆ ಕಾರ್ಡನ್ನು ಇಟ್ಟುಕೊಳ್ಳಬೇಡಿರಿ.