ಅಡಿಕೆ ತೋಟದಲ್ಲಿ ಸೆನ್ಸರ್ ಎಲ್ಲಿ ನೆಡಬೇಕು?

ಕೇಳುಗರಿಗೆ ನಮಸ್ಕಾರ. ಚನ್ನಗಿರಿ ಕಡೆಯ ಒಂದು ಅಡಿಕೆ ತೋಟ ಅಂದುಕೊಳ್ಳಿ. ನೂರು ಮೀಟರ್ ಉದ್ದ, ನೂರು ಮೀಟರ್ ಅಗಲ. ಸುಮಾರು ಎರಡೂವರೆ ಎಕರೆ. ಮಣ್ಣಿನ ತೇವ ತಿಳಿಸುವ ವೈರ್‌ಲೆಸ್ ಸೆನ್ಸರ್ ನೆಡಬೇಕು. ಒಂದು ಸೆನ್ಸರಿನ ಅಳತೆ ಸುತ್ತ 10 ಮೀಟರಿಗೆ ಸಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಅದು ನಿಜಕ್ಕೂ ಅಳೆಯುವುದು ಕೆಲವೇ ಸೆಂಟಿಮೀಟರ್ ಮಣ್ಣನ್ನು. ಈ 10 ಮೀಟರ್ ನಾವು ಒಪ್ಪಿಕೊಂಡ ಅಂಕಿ ಅಷ್ಟೆ. ಎರೆ, ಕೆಂಪು ಎರಡೂ ಮಣ್ಣು ಇದ್ದರೆ ಇಳಿಸಬೇಕು.

ಒಂದು ವೃತ್ತಕ್ಕೆ 314 ಚದರ ಮೀಟರ್, ಹಾಗಾದರೆ 32 ಸೆನ್ಸರ್ ಸಾಕು ಅನ್ನಿಸುತ್ತದೆ. ಸಾಲದು. ವೃತ್ತಗಳು ಒಂದರ ಮೇಲೊಂದು ಹಾಯದೆ ನೆಲ ಮುಚ್ಚುವುದಿಲ್ಲ. 17.3 ಮೀಟರ್ ಅಂತರದ ತ್ರಿಕೋನ ಜೋಡಣೆಯಲ್ಲೂ 39 ಬೇಕು, ಅಂಚಿಗೆ ಇನ್ನೂ ಕೆಲವು. ತೋಟ ಚೊಕ್ಕ ಚೌಕವಾಗಿದ್ದರೆ ಇಷ್ಟೇ ಸಾಕು, ಕಂಪ್ಯೂಟರಿನಲ್ಲಿ ಜಾಗ ಹುಡುಕುವ ಅಲ್ಗಾರಿದಂ ಬೇಕಿಲ್ಲ. ಬಾವಿ, ಬದು, ಸೊಟ್ಟ ಅಂಚು ಬಂದಾಗಲೇ ಅದರ ಕೆಲಸ.

ಹಕ್ಕಿ ಹಿಂಡಿನ ಹಾರಾಟ ನೋಡಿ 1995ರಲ್ಲಿ ಸಂಶೋಧಕರಾದ ಕೆನಡಿ ಮತ್ತು ಎಬರ್‌ಹಾರ್ಟ್ ರೂಪಿಸಿದ ಪಾರ್ಟಿಕಲ್ ಸ್ವಾರ್ಮ್ ಎಂಬ ಅಲ್ಗಾರಿದಂ ಅನ್ನೇ ತೆಗೆದುಕೊಳ್ಳಿ. ಇಲ್ಲಿ ಒಂದು ಹಕ್ಕಿ ಅಂದರೆ ಒಂದು ಸೆನ್ಸರ್ ಅಲ್ಲ, ಇಡೀ ತೋಟದ ಒಂದು ನಕ್ಷೆ: ಒಂದು ಸೆನ್ಸರಿನ ಜಾಗಕ್ಕೆ ಉದ್ದ, ಅಗಲ ಎಂದು ಎರಡು ಅಂಕಿಯಂತೆ 40 ಸೆನ್ಸರಿಗೆ 80 ಅಂಕಿ. ಇಂಥ 30 ನಕ್ಷೆಗಳು. ಪ್ರತಿಯೊಂದೂ ಪ್ರತಿ ಸುತ್ತಿನಲ್ಲಿ ತಾನು ಕಂಡ ಉತ್ತಮ ಜೋಡಣೆಯ ಕಡೆಗೂ, ಹಿಂಡು ಕಂಡ ಉತ್ತಮದ ಕಡೆಗೂ ಸ್ವಲ್ಪ ಸರಿಯುತ್ತದೆ. ಹಿಂದಿನ ಸುತ್ತಿನ ವೇಗದಲ್ಲಿ ಉಳಿಸಿಕೊಳ್ಳುವ ಪಾಲನ್ನು 0.9ರಿಂದ 0.4ಕ್ಕೆ ಮೆಲ್ಲಗೆ ಇಳಿಸುತ್ತಾರೆ. ಯಾವ ನಕ್ಷೆ ಉತ್ತಮ ಎಂದು ಅಂಕ ಕೊಡಲು ತೋಟದ ಮೇಲೆ 2 ಮೀಟರಿಗೊಂದು ಚುಕ್ಕಿಯಿಟ್ಟು, ಎಷ್ಟು ಚುಕ್ಕಿ ವೃತ್ತದೊಳಗೆ ಬಿದ್ದವು ಎಂದು ಎಣಿಸಿ. 5 ಮೀಟರಿಗೊಂದು ಇಟ್ಟರೆ ಸಣ್ಣ ಖಾಲಿ ಜಾಗಗಳು ಲೆಕ್ಕಕ್ಕೇ ಸಿಗುವುದಿಲ್ಲ.

ಕೆಡುವುದು ಹೆಚ್ಚಾಗಿ ಸೆನ್ಸರುಗಳಿಗೆ ಕೊಡುವ ಒಂದು, ಎರಡು ಎಂಬ ನಂಬರಿನಲ್ಲಿ. ಒಂದು ನಕ್ಷೆಯಲ್ಲಿ ಮೊದಲ ಸೆನ್ಸರ್ ಈಶಾನ್ಯದಲ್ಲಿ, ಇನ್ನೊಂದರಲ್ಲಿ ನೈಋತ್ಯದಲ್ಲಿ ಇದ್ದರೆ, ಎರಡರ ನಡುವೆ ಎಳೆದಾಡಿ ಎಲ್ಲವೂ ತೋಟದ ಮಧ್ಯಕ್ಕೆ ಬಂದು ಗುಂಪಾಗುತ್ತವೆ. ಆದ್ದರಿಂದ ಎಲ್ಲ ನಕ್ಷೆಗಳನ್ನೂ ಅದೇ ತ್ರಿಕೋನ ಜೋಡಣೆಯಿಂದ, ಅದೇ ನಂಬರಿನಿಂದ ಶುರುಮಾಡಿ, ಮೂರ್ನಾಲ್ಕು ಮೀಟರ್ ಆಚೀಚೆ ಅಲುಗಿಸಿ. ಬೇಲಿ ದಾಟಿದ ಸೆನ್ಸರನ್ನು ಬೇಲಿಗೇ ಅಂಟಿಸಬೇಡಿ, ಅರ್ಧ ವೃತ್ತ ಹೊರಗೆ ಹಾಳಾಗುತ್ತದೆ, ಒಳಕ್ಕೆ ಪುಟಿಸಿ.

ಬಂದ ಉತ್ತರ ಮರದ ಬುಡದ ಮೇಲೂ ಬಿದ್ದಿರಬಹುದು. 2.7 ಮೀಟರ್ ಅಂತರದ ತೋಟದಲ್ಲಿ ನಾಲ್ಕು ಮರಗಳ ನಡುವಿನ ಜಾಗಕ್ಕೆ ಸರಿಸಿದರೆ ಹೆಚ್ಚೆಂದರೆ 1.9 ಮೀಟರ್ ಜರುಗುತ್ತದೆ. ಜರುಗಿಸಿದ ಮೇಲೆ ಮತ್ತೊಮ್ಮೆ ಎಣಿಸಿ.

ಇನ್ನು ಸೆನ್ಸರುಗಳು ಒಂದಕ್ಕೊಂದು ಅಳತೆ ದಾಟಿಸುವ ರೇಡಿಯೊ. ತೋಟವೆಲ್ಲ ಆವರಿಸಿದ್ದು, ಸಂಕೇತವೂ 20 ಮೀಟರ್ ಮುಟ್ಟಿದರೆ ಜಾಲ ತಾನಾಗಿ ಕೂಡಿಕೊಳ್ಳುತ್ತದೆ. ಆದರೆ ಒದ್ದೆ ಸೋಗೆ 2.4 ಗಿಗಾಹರ್ಟ್ಸ್ ಸಂಕೇತವನ್ನು ಹೀರುತ್ತದೆ. ಲೈಸೆನ್ಸ್ ಬೇಡದ 865ರಿಂದ 868 ಮೆಗಾಹರ್ಟ್ಸ್ ಎಲೆಗಳ ನಡುವೆ ಅದಕ್ಕಿಂತ ಚೆನ್ನಾಗಿ ಸಾಗುತ್ತದೆ. ಯಾವುದನ್ನೇ ಹಾಕಿ, ದೂರದ ಪರೀಕ್ಷೆಯನ್ನು ಮಾತ್ರ ಬೇಸಿಗೆಯಲ್ಲಿ ಮುಗಿಸಿಬಿಡದೆ ಮಳೆ ನಿಂತ ತಕ್ಷಣ ಒಮ್ಮೆ ಮಾಡಿ.