ಕಾರ್ನರ್ ಹಿಡಿದ ಮೇಲೆ ಯಾರು ಬಂದರು?

ಅಧ್ಯಕ್ಷರೇ, ಯುವಕ ಮಂಡಲದ ಹಿರಿಯರೇ, ಹಿಂದಿನ ಸಾಲಿನಲ್ಲಿ ಕೆಂಪು ಟೀಶರ್ಟ್ ಹಾಕಿಕೊಂಡು ಕೂತ ಬೆಂಗಳೂರು ಬುಲ್ಸ್ ಅಭಿಮಾನಿಗಳೇ, ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ "ಕಬಡ್ಡಿ: ಅಂದು, ಇಂದು" ಅಂತ ಉಂಟು. ಅಂದಿನದ್ದನ್ನು ಇಲ್ಲಿ ಕೂತ ಹಿರಿಯರೇ ನನಗಿಂತ ಚೆನ್ನಾಗಿ ಹೇಳಿಯಾರು. ನನಗೆ ಇಂದಿನದ್ದೇ ತಲೆಬಿಸಿ. ಪ್ರೊ ಕಬಡ್ಡಿಯ ಆಟಗಾರರ ಹರಾಜು ಹತ್ತಿರ ಬಂತೆಂದರೆ ಉಡುಪಿಯಿಂದ ಉಳ್ಳಾಲದವರೆಗೆ ಒಂದೇ ಪ್ರಶ್ನೆ: ಈ ಸಲ ಬುಲ್ಸ್ ಯಾವ ರೈಡರನ್ನು, ಅಂದರೆ ದಾಳಿಗಾರನನ್ನು, ತೆಗೊಂಡಿತು? ಸಾಲಿನ ತುದಿಯಲ್ಲಿ ನಿಂತು ಹಿಡಿಯುವ ಕಾರ್ನರ್ ಯಾರು, ಒಳಬದಿಯಿಂದ ಅವನ ನೆರವಿಗೆ ಬರುವ ಕವರ್ ಯಾರು ಅಂತ ಕೇಳುವ ಒಬ್ಬ ಜನ ಇಲ್ಲ ಮಾರಾಯ್ರೆ.

ಹತ್ತನೇ ಸೀಸನ್ನಿನ ಹರಾಜನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಪವನ್ ಸೆಹ್ರಾವತ್‌ಗೆ ತೆಲುಗು ಟೈಟಾನ್ಸ್ ಕೊಟ್ಟದ್ದು 2 ಕೋಟಿ 60 ಲಕ್ಷದ 50 ಸಾವಿರ. ಪವನ್ ಎಂಥ ಆಟಗಾರ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2019ರ ಜನವರಿಯಲ್ಲಿ ಗುಜರಾತ್ ವಿರುದ್ಧ 38-33ರಲ್ಲಿ ನಮಗೆ ಕಪ್ ತಂದುಕೊಟ್ಟ ಫೈನಲಿನಲ್ಲಿ ಒಬ್ಬನೇ 22 ಪಾಯಿಂಟ್ ಹೊಡೆದವನು ಅವನು. ಆದರೆ ಅಷ್ಟು ದುಡ್ಡು ಸುರಿದ ಟೈಟಾನ್ಸ್ ಆ ವರ್ಷ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದು! ಅದೇ ಹರಾಜಿನಲ್ಲಿ ಪುಣೇರಿ ಪಲ್ಟನ್ ಇರಾನಿನ ಎಡ ಕಾರ್ನರ್ ಶಾದ್ಲೂಯಿಗೆ 2 ಕೋಟಿ 35 ಲಕ್ಷ ಕೊಟ್ಟಿತು. ಹಿಡಿಯುವವನಿಗೆ ಅಷ್ಟು ದುಡ್ಡಾ ಅಂತ ನಕ್ಕವರು ಈ ಸಭೆಯಲ್ಲೂ ಇದ್ದೀರಿ, ಕೈ ಎತ್ತುವುದು ಬೇಡ. ಪುಣೆ ಕಪ್ ಗೆದ್ದಿತು. ಮುಂದಿನ ವರ್ಷ ಅವನನ್ನೇ ಹರಿಯಾಣ ಸ್ಟೀಲರ್ಸ್ 2 ಕೋಟಿ 7 ಲಕ್ಷಕ್ಕೆ ತೆಗೊಂಡಿತು, ಹರಿಯಾಣ ಗೆದ್ದಿತು. ಆ ವರ್ಷ ನಾವು? ರೈಡರುಗಳ ರಾಜ ಪರ್ದೀಪ್ ನರ್ವಾಲ್‌ನನ್ನು ಕ್ಯಾಪ್ಟನ್ ಮಾಡಿ 22 ಪಂದ್ಯಗಳಲ್ಲಿ ಎರಡು ಗೆದ್ದೆವು. ಕೊನೆಯ ಸ್ಥಾನ. ಚಪ್ಪಾಳೆ ಬೇಡ.

ಇಷ್ಟು ಕೇಳಿ "ಹಾಗಾದರೆ ಒಬ್ಬ ಒಳ್ಳೆ ಕಾರ್ನರ್ ಸಾಕು" ಅಂತ ಎದ್ದು ಹೋಗಬೇಡಿ. ಪುಣೆಯಲ್ಲಿ ಶಾದ್ಲೂಯಿಯ ಜೊತೆಗೆ ಎಡ ಕವರಿನಲ್ಲಿ ಸಂಕೇತ್ ಸಾವಂತ್, ಬಲ ಕವರಿನಲ್ಲಿ ಅಬಿನೇಶ್ ನಡರಾಜನ್ ಇದ್ದರು. ಹರಿಯಾಣದ ಕವರಿನಲ್ಲಿ ಜೈದೀಪ್ ದಹಿಯಾ ಇದ್ದ. ನನ್ನ ಮಾತು ಇಷ್ಟೇ: ಮೊದಲು ಕೈ ಹಾಕಿದವನನ್ನು ಬೈಯಬೇಡಿ, ಎರಡನೆಯವನು ಎಲ್ಲಿದ್ದ ಅಂತ ನೋಡಿ.

ಹೇಗೆ ಅಂತ ಅಂಕಣದ ಲೆಕ್ಕದಲ್ಲೇ ಹೇಳುತ್ತೇನೆ. ನಡುಗೆರೆಯಿಂದ ರೈಡರ್ ದಾಟಬೇಕಾದ ಬಾಕ್ ಲೈನ್ 3.75 ಮೀಟರ್, ಹೆಚ್ಚುವರಿ ಪಾಯಿಂಟಿನ ಬೋನಸ್ ಗೆರೆ 4.75 ಮೀಟರ್. ಹಿಡಿಯುವ ತಂಡದ ಆರು ಅಥವಾ ಏಳು ಜನ ಅಂಕಣದಲ್ಲಿ ಇದ್ದಾಗ ರೈಡರ್ ಬೋನಸ್ಸಿಗೆ ಕಾಲು ಹಾಕುತ್ತಾನೆ. ಒಂದು ಪಾದ ಗೆರೆಯಾಚೆ ಊರಬೇಕು, ಇನ್ನೊಂದು ಗಾಳಿಯಲ್ಲಿರಬೇಕು. ಅಂದರೆ ಆ ಕ್ಷಣದಲ್ಲಿ ಇಡೀ ಮೈಭಾರ ಊರಿದ ಕಾಲಿನ ಮೇಲೆ. ಆ ಕಾಲನ್ನು ಹಿಂದಕ್ಕೆ ತೆಗೆಯಬೇಕಾದರೆ ಮೊದಲು ಇನ್ನೊಂದು ಕಾಲು ನೆಲಕ್ಕೆ ತಾಗಬೇಕು. ಕಾರ್ನರ್ ಕಣಕಾಲಿಗೆ ಹೋಗಬೇಕಾದ್ದು ಅದಕ್ಕಿಂತ ಮುಂಚೆ. ರೈಡರ್ ಇನ್ನೂ ಎದುರು ಮುಖ ಮಾಡಿ ಕುಣಿಯುತ್ತಿರುವಾಗ ಹಾರಿದರೆ ಸಿಗುವುದು ಗಾಳಿ.

ಸರಿ, ಕಣಕಾಲು ಸಿಕ್ಕಿತು ಅಂತಿಟ್ಟುಕೊಳ್ಳಿ. ಆಟ ಮುಗಿದಿಲ್ಲ. ಆರಡಿ ಆಳು ಕೈ ಚಾಚಿ ಬೋರಲು ಬಿದ್ದರೆ ಪಾದದಿಂದ ಬೆರಳ ತುದಿಗೆ ಸುಮಾರು ಎರಡೂಕಾಲು ಮೀಟರ್. ಬೋನಸ್ ಗೆರೆಯಲ್ಲಿ ಸಿಕ್ಕವನು ಇನ್ನು ಎರಡೂವರೆ ಮೀಟರ್ ಎಳೆದುಕೊಂಡು ಹೋದರೆ ಬೆರಳು ನಡುಗೆರೆಗೆ ತಾಗುತ್ತದೆ, ಅವನು ಬಚಾವು. ಅದೇ ಬಾಕ್ ಲೈನಿನಲ್ಲಿ ಸಿಕ್ಕಿದರೆ ಒಂದೂವರೆ ಮೀಟರ್ ಸಾಕು. ಎಂಬತ್ತು ಕೆ.ಜಿ.ಯ ರೈಡರ್ ಒಂದು ಕಾಲಿಗೆ ಜೋತು ಬಿದ್ದ ಒಬ್ಬನನ್ನು ಅಷ್ಟು ದೂರ ಎಳೆಯುವುದಿಲ್ಲವಾ? ಧಾರಾಳ ಎಳೆಯುತ್ತಾನೆ. ಮಲ್ಪೆ ಕಡಲಿನಲ್ಲಿ ಕೈರಂಪಣಿ ಬಲೆಯನ್ನು ಒಂದೇ ತುದಿಯಿಂದ ಎಳೆದ ಹಾಗೆ ಅದು.

ಹಾಗಾಗಿ ಕವರ್ ಬರಬೇಕು. ಬರಬೇಕಾದ್ದು ರೈಡರಿಗೂ ನಡುಗೆರೆಗೂ ಮಧ್ಯೆ, ಬೆನ್ನ ಹಿಂದಿನಿಂದ ಅಲ್ಲ. ಹಿಂದಿನಿಂದ ಬಂದು ಅಪ್ಪಿಕೊಂಡರೆ ನಿಮ್ಮ ಭಾರವೂ ರೈಡರನ್ನು ಮುಂದಕ್ಕೇ ತಳ್ಳುತ್ತದೆ. ಟಿ.ವಿ.ಯಲ್ಲಿ ನಿಧಾನಗತಿಯಲ್ಲಿ ತೋರಿಸುವಾಗ ಗಮನಿಸಿ, ಮೂವರು ಮೇಲೆ ಬಿದ್ದರೂ ಪಾಯಿಂಟ್ ಹೋಗುವುದು ಹೀಗೆ, ಆಗ ಒಂದಲ್ಲ ಮೂರು ಹೋಗುತ್ತದೆ. ಸೊಂಟ ತಗ್ಗಿಸಿ, ಭುಜವನ್ನು ರೈಡರಿನ ಎದೆಗಿಂತ ಕೆಳಗೆ ಕೊಟ್ಟು, ಅಂಕಣದ ಪಕ್ಕದ ಪಟ್ಟಿಯಾದ ಲಾಬಿಯ ಕಡೆಗೆ ನೂಕಬೇಕು. ಕಾರ್ನರಿಗಿಂತ ಮೊದಲೇ ಕವರ್ ಹಾರುವುದು ಇನ್ನೊಂದು ರೋಗ. ಬಾಕ್ ಲೈನ್ ಕೂಡ ದಾಟದ ರೈಡರಿಗೆ ಅದು ಪುಕ್ಕಟೆ ಪಾಯಿಂಟ್.

ಈಗ ತಂಡದ ಆಯ್ಕೆ. ಏಳರಲ್ಲಿ ಸಾಮಾನ್ಯವಾಗಿ ನಾಲ್ವರು ಹಿಡಿಯುವವರು, ಎರಡು ಕಾರ್ನರ್, ಎರಡು ಕವರ್. ಕಾರ್ನರಿನ ಕೈ ಹಿಡಿದುಕೊಂಡು ನಿಲ್ಲುವ 'ಇನ್' ಜಾಗದಲ್ಲಿ ಇರುವುದು ಯಾರು? ರೈಡರ್! ಅವನಿಗೆ ಹಿಡಿಯುವ ಮನಸ್ಸಿಲ್ಲದಿದ್ದರೆ ಕೈಕೈ ಹಿಡಿದ ಚೈನ್ ಅಲ್ಲೇ ಕಡಿಯಿತು. ಆದ್ದರಿಂದ ಎರಡನೇ, ಮೂರನೇ ರೈಡರನ್ನು ಆರಿಸುವಾಗ ಪಾಯಿಂಟಿನ ಪಟ್ಟಿ ಮಾತ್ರ ನೋಡಿದರೆ ಸಾಲದು, ದಾಳಿಯೂ ಹಿಡಿತವೂ ಬಲ್ಲ ಸವ್ಯಸಾಚಿ ಬೇಕು. ಹನ್ನೆರಡನೇ ಸೀಸನ್ನಿನಲ್ಲಿ ಬಿ.ಸಿ. ರಮೇಶ್ ನಮ್ಮ ಬುಲ್ಸ್‌ಗೆ ಕೋಚ್ ಆಗಿ ಬಂದ ಮೇಲೆ ದೀಪಕ್ ಶಂಕರ್, ಯೋಗೇಶ್ ಇಬ್ಬರೂ ಕಾರ್ನರ್ ಕಾದರು, ನಾವು ಪ್ಲೇಆಫಿಗೆ ಬಂದೆವು. ಪುಣೆಗೆ ಕಪ್ ಕೊಡಿಸಿದ ಕೋಚೂ ಇದೇ ರಮೇಶ್, ನೆನಪಿರಲಿ.

ನಮ್ಮ ಊರಿನ ಹೊನಲು ಬೆಳಕಿನ ಪಂದ್ಯಾಟಗಳಲ್ಲೂ ಇದೇ ಕಥೆ. ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಅಂತ ಮೂರು ಟ್ರೋಫಿ. ಕಾಲು ಹಿಡಿದವನ ಹೆಸರನ್ನು ವೀಕ್ಷಕ ವಿವರಣೆಯವರು ಮೈಕಿನಲ್ಲಿ ಹತ್ತು ಸಲ ಕೂಗುತ್ತಾರೆ. ದಾರಿ ಕಟ್ಟಿದವನು ಮಣ್ಣು ಕೊಡವಿಕೊಂಡು ಹೋಗಿ ನಿಲ್ಲುತ್ತಾನೆ. ಸ್ಕೋರ್ ಶೀಟಿನಲ್ಲಿ ಎರಡನೆಯವನಿಗೂ ಒಂದು ಕಾಲಂ ಹಾಕಿ ಅಂತ ಸಮಿತಿಯವರಲ್ಲಿ ಕೇಳಿಕೊಳ್ಳುತ್ತೇನೆ. ಖರ್ಚೇನೂ ಇಲ್ಲ, ಒಂದು ಸ್ಕೇಲು, ಒಂದು ಪೆನ್ನು.

ಚೀಟಿ ಬಂತು. ಯಕ್ಷಗಾನದ ಭಾಗವತರೂ ಬಂದಾಗಿದೆಯಂತೆ, ಚೆಂಡೆಯ ಸದ್ದು ನನಗೂ ಕೇಳ್ತಾ ಉಂಟು. ಎರಡೇ ನಿಮಿಷ.

ಸೂಪರ್ ಟ್ಯಾಕಲ್: ಮೂರು ಅಥವಾ ಕಡಿಮೆ ಜನ ಇದ್ದಾಗ ಹಿಡಿದರೆ ಎರಡು ಪಾಯಿಂಟ್. ಮೂವರು ಉಳಿದಾಗ ಬೋನಸ್ ಇಲ್ಲ, ಹಾಗಾಗಿ ಮುಂದಕ್ಕೆ ಹಾರಬೇಡಿ, ಹಿಂದೆ ನಿಂತು ಅವನನ್ನು ಒಳಗೆ ಬಿಡಿ. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡು ಆರ್ ಡೈ, ಪಾಯಿಂಟ್ ತರದಿದ್ದರೆ ಔಟ್, ಆಗ ಅವನೇ ಒಳಗೆ ಬರಬೇಕು. ಔಟಾದವರು ಒಳಗೆ ಬರುವುದು ಔಟಾದ ಸರದಿಯಲ್ಲೇ. ಕಾರ್ನರ್ ಅವಸರ ಮಾಡಿ ಔಟಾದರೆ ಬೇಕಾದಾಗ ಕರೆಯಲಿಕ್ಕೆ ಆಗುವುದಿಲ್ಲ. ಹತ್ತು, ಹನ್ನೊಂದು, ಹನ್ನೆರಡನೇ ಸೀಸನ್ನಿನ ಫೈನಲುಗಳ ಸ್ಕೋರು 28-25, 32-23, 31-28. ಗೆದ್ದವರೂ 32 ದಾಟಲಿಲ್ಲ. ಮೂರನೆಯದರಲ್ಲಿ ಗೆದ್ದ ದೆಹಲಿಯ ಎಡ ಕಾರ್ನರ್ ಫಜಲ್ ಅತ್ರಾಚಲಿ.

ಲಾಬಿಯ ವಿಷಯ ಹೇಳಲಿಕ್ಕೆ ಇತ್ತು, ಅದು ಊಟದ ಸಾಲಿನಲ್ಲಿ ಆಗಲಿ. ನಮಸ್ಕಾರ.